ಸಿಕ್ಕಿದ ಮೀನಿಗೆ ಹೊಂದುವ ರಾತ್ರಿಯೂಟ: ನಿಮ್ಮ ಮನೆಯ ರೂಢಿ ತಿಳಿಸುವಿರಾ?

ಪ್ರಶ್ನೆ, ಬೆಂಗಳೂರಿನಿಂದ

ನಾನು ಬಯಲುಸೀಮೆಯವಳು; ಮದುವೆಯಾಗಿ ಸೇರಿದ್ದು ಕುಂದಾಪುರ ಕಡೆಯ ಮನೆಯನ್ನು. ಅತ್ತೆಯವರು ನಮ್ಮ ಜೊತೆಗಿದ್ದಷ್ಟು ಕಾಲ ಮೀನಿನ ಅಡುಗೆ ಅವರ ಕೈಯಲ್ಲೇ ಇತ್ತು. ಈಗ ನಾನು ಬರೆದಿಟ್ಟುಕೊಂಡ ನಾಲ್ಕು ಅಡುಗೆಗಳನ್ನು ನೆಚ್ಚಿಕೊಂಡು ಅಂಗಡಿಗೆ ಹೋಗುತ್ತೇನೆ. ಕಾಣೆ ಮೀನು ಬೇಕೆಂದು ಹೋದ ದಿನ ಅದು ಇರುವುದಿಲ್ಲ, ಇದ್ದ ದಿನ ಅದರ ಬೆಲೆ ಕೇಳುವಂತಿರುವುದಿಲ್ಲ, ಹೆಸರೇ ತಿಳಿಯದ ಬೇರೆ ಮೀನುಗಳನ್ನು ಕೊಳ್ಳಲು ಧೈರ್ಯ ಬರುವುದಿಲ್ಲ. ಆಯಾ ಕಾಲದಲ್ಲಿ ಸಿಗುವ ಮೀನನ್ನು ತಂದು, ಮನೆಯಲ್ಲಿ ಇರುವುದರಲ್ಲೇ ರಾತ್ರಿಯ ಊಟಕ್ಕೆ ಹೊಂದಿಸುವವರು ಹೇಗೆ ಯೋಚಿಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ, ಕುಂದಾಪುರದಿಂದ

ಅಡುಗೆ ಯಾವುದೆಂದು ಮೊದಲೇ ನಿರ್ಧರಿಸಿ ಅದಕ್ಕೆ ತಕ್ಕ ಮೀನನ್ನು ಹುಡುಕುತ್ತಾ ಹೋಗುವುದು ನಮ್ಮ ಕಡೆಯ ಪದ್ಧತಿಯಲ್ಲ. ಮೀನು ಮನೆಗೆ ಬಂದ ಮೇಲೆಯೇ ಮಸಾಲೆಯ ಯೋಚನೆ. ನಿಮ್ಮ ಅತ್ತೆಯವರೂ ಹಾಗೆಯೇ ಮಾಡುತ್ತಿದ್ದಿರಬೇಕು. ಮೀನಿನ ಹೆಸರು ತಿಳಿಯದಿದ್ದರೂ ಅದರಲ್ಲಿ ಎಣ್ಣೆಯಂಶ ಹೆಚ್ಚೋ ಕಡಿಮೆಯೋ, ಮಾಂಸ ಗಟ್ಟಿಯೋ ಮೆದುವೋ ಎಂಬ ಎರಡು ಸಂಗತಿಗಳನ್ನು ಅಂಗಡಿಯವರಲ್ಲಿ ಕೇಳಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಬಂಗುಡೆ ಮತ್ತು ನಾವು ಬೈಗೆ ಎನ್ನುವ, ಮಂಗಳೂರಿನವರು ಬೂತಾಯಿ ಎನ್ನುವ ಮೀನು ಎಣ್ಣೆಯುಳ್ಳವು. ಎಷ್ಟೇ ಹುಳಿ, ಖಾರ ಹಾಕಿದರೂ ಅವುಗಳ ರುಚಿ ಮುಚ್ಚಿಹೋಗುವುದಿಲ್ಲವಾದ್ದರಿಂದ ಅವುಗಳಿಗೆ ಪುಳಿಮುಂಚಿ, ಅಂದರೆ ಹುಳಿ-ಖಾರದ ಸಾರು, ಸರಿ, ತೆಂಗಿನಕಾಯಿ ಇಲ್ಲದಿದ್ದರೂ ನಡೆಯುತ್ತದೆ. ಕಾಣೆ, ಮಾಂಜಿ, ನಂಗುಗಳಂತಹ ಬಿಳಿ ಮಾಂಸದ ಮೀನುಗಳಿಗೆ ತೆಂಗಿನಕಾಯಿ ಹೆಚ್ಚು, ಹುಳಿ ಕಡಿಮೆ. ಅಂಜಲ್ ಸಿಕ್ಕರೆ ಹುರಿದುಬಿಡಿ. ಅಷ್ಟು ಹಣ ಕೊಟ್ಟು ತಂದದ್ದನ್ನು ಸಾರಿನಲ್ಲಿ ಮುಳುಗಿಸಲು ನನಗಂತೂ ಮನಸ್ಸು ಬರುವುದಿಲ್ಲ.

ಮಸಾಲೆಯನ್ನು ಎರಡು ಭಾಗ ಮಾಡಿಕೊಳ್ಳುವುದು ನನ್ನ ರೂಢಿ. ಹನ್ನೆರಡು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ ಮತ್ತು ಎಂಟು ಕಾಳುಮೆಣಸನ್ನು ಬೇರೆಬೇರೆಯಾಗಿ ಹುರಿದು, ಅರಿಶಿನ ಮತ್ತು ನಾಲ್ಕು ಎಸಳು ಬೆಳ್ಳುಳ್ಳಿಯೊಂದಿಗೆ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ ಇಟ್ಟುಕೊಳ್ಳುತ್ತೇನೆ. ತೆಂಗಿನಕಾಯಿ ಮತ್ತು ಹುಳಿ ಸೇರುವುದು ಮೀನು ಯಾವುದೆಂದು ತಿಳಿದ ಮೇಲೆ. ಮೊದಲು ಮಸಾಲೆ ಚೆನ್ನಾಗಿ ಕುದಿಯಬೇಕು, ಆಮೇಲೆ ಮೀನು ಇಳಿಯಬೇಕು. ಮೀನು ಬಿದ್ದ ಮೇಲೆ ಸೌಟು ಆಡಿಸಬೇಡಿ. ಬಟ್ಟೆಯಿಂದ ಪಾತ್ರೆಯ ಎರಡೂ ಬದಿ ಹಿಡಿದು ಒಮ್ಮೆ ವೃತ್ತಾಕಾರವಾಗಿ ತಿರುಗಿಸಿದರೆ ಸಾರು ತಾನಾಗಿ ಮೀನಿನ ಮೇಲೆ ಹತ್ತುತ್ತದೆ.

ಕಾಲದ ವಿಷಯಕ್ಕೆ ಬಂದರೆ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ನಾಡದೋಣಿಯವರು ತಂದದ್ದು ಮತ್ತು ಹೊಳೆಮೀನು ಮಾತ್ರ. ಪೂರ್ವ ಕರಾವಳಿಯಲ್ಲಿ ನಿಷೇಧವಿರುವುದು ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆದ್ದರಿಂದ ಜೂನ್ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ‘ತಾಜಾ ಮಲ್ಪೆ ಮೀನು’ ಎಂದು ಯಾರಾದರೂ ರಾಶಿ ಹಾಕಿಕೊಂಡು ಕುಳಿತಿದ್ದರೆ ನಕ್ಕು ಮುಂದೆ ಹೋಗಿ, ಆಂಧ್ರ ಅಥವಾ ತಮಿಳುನಾಡಿನ ಕಡೆಯದು ಎಂದು ನೇರವಾಗಿ ಹೇಳುವವರಲ್ಲಿ ಕೊಳ್ಳಿ. ನಮ್ಮ ಮನೆಯಲ್ಲಿ ಆ ಎರಡು ತಿಂಗಳು ಮೇ ತಿಂಗಳಲ್ಲೇ ತಂದಿಟ್ಟ ಒಣ ಚಟ್ಲಿಯ, ಅಂದರೆ ಒಣ ಸಿಗಡಿಯ, ಕಾಲ. ತಲೆ ಬಾಲ ಚಿವುಟಿ, ಗರಿಗರಿಯಾಗುವಂತೆ ಹುರಿದು, ತೆಂಗಿನತುರಿ, ಸುಟ್ಟ ಮೆಣಸು, ಚೂರು ಹುಣಸೆಹಣ್ಣಿನೊಂದಿಗೆ ತರಿತರಿಯಾಗಿ ರುಬ್ಬಿದ ಚಟ್ನಿ ಮತ್ತು ಕುಚ್ಚಲಕ್ಕಿ ಗಂಜಿ ಇದ್ದರೆ ಮಳೆ ಹೊಯ್ಯುವ ರಾತ್ರಿಗೆ ಬೇರೇನೂ ಬೇಡ. ಮಂಗಳೂರು ಸೌತೆಕಾಯಿಗೋ ಹಲಸಿನ ಬೀಜಕ್ಕೋ ಅದೇ ಒಣ ಚಟ್ಲಿ ಸೇರಿದರೆ ಒಳ್ಳೆಯ ಸಾರಾಗುತ್ತದೆ.

ಉತ್ತರ, ಕುಮಟಾದಿಂದ

ಮೇಲೆ ಬರೆದವರು ಹುಳಿಯ ವಿಷಯವನ್ನು ಬೇಗ ದಾಟಿಸಿದ್ದಾರೆ ಎಂದು ನನಗೆ ಅನಿಸಿತು. ಕಾಲಕ್ಕೆ ತಕ್ಕಂತೆ ಬದಲಾಗುವುದು ಮೀನೊಂದೇ ಅಲ್ಲ, ಹುಳಿಯೂ ಬದಲಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಸಿಗಡಿಗೆ ಮಾವಿನಕಾಯಿ, ಮಳೆಗಾಲದಲ್ಲಿ ಅಂಬಟೆ, ಉಳಿದಂತೆ ಡಬ್ಬಿಯಲ್ಲಿ ಒಣಗಿಸಿಟ್ಟ ಮುರುಗಲು (ಕೋಕಂ) ಸಿಪ್ಪೆ. ಬಂಗುಡೆಗೆ ನಾವು ಬೆಳ್ಳುಳ್ಳಿ ಹಾಕುವುದಿಲ್ಲ. ಜುಮ್ಮನಕಾಯಿ ಎಂಬ ಘಮದ ಮಸಾಲೆಕಾಯಿ ಏಳೆಂಟು ತೆಗೆದುಕೊಂಡು, ಅವುಗಳ ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಯನ್ನು ಸ್ವಲ್ಪ ನೀರಿನಲ್ಲಿ ಜಜ್ಜಿ, ಒಲೆ ಆರಿಸುವ ಮುನ್ನ ಸಾರಿಗೆ ಸೇರಿಸುತ್ತೇವೆ. ಅದರ ಘಮ ಮೂಗಿಗೂ ನಾಲಿಗೆಯ ತುದಿಗೂ ಒಟ್ಟಿಗೇ ತಾಗುತ್ತದೆ. ರುಬ್ಬುವ ಮಸಾಲೆಗೆ ಹಾಕಿದರೆ ಕಹಿಯಾಗುವ ಸಂಭವವಿದೆ.

ಅಘನಾಶಿನಿ ಹೊಳೆಯ ಇಳಿತದ ಹೊತ್ತಿನಲ್ಲಿ ಹೆಂಗಸರು ಆಯ್ದು ತರುವ ಬಳಚು ಎಂಬ ಚಿಪ್ಪುಮೀನು ನಮ್ಮ ಪೇಟೆಗೆ ಬರುತ್ತದೆ. ಮಂಗಳೂರು ಕಡೆಯಲ್ಲಿ ಇದಕ್ಕೆ ಮರುವಾಯಿ ಎನ್ನುತ್ತಾರೆ. ನಿಮಗೆ ಬೆಂಗಳೂರಿನಲ್ಲಿ ಸಿಕ್ಕರೆ ಉಪ್ಪುನೀರಿನಲ್ಲಿ ಎರಡು ಗಂಟೆ ಇಟ್ಟು ಮರಳು ಬಿಡಿಸಿ, ಬೇಯಿಸುವ ಮುನ್ನ ತಟ್ಟಿದರೂ ಬಾಯಿ ಮುಚ್ಚದವನ್ನು ಮತ್ತು ಬೆಂದ ಮೇಲೂ ಬಾಯಿ ತೆರೆಯದವನ್ನು ತೆಗೆದೆಸೆಯಿರಿ. ಬೆಂದಾಗ ಬಿಡುವ ನೀರನ್ನು ಮಾತ್ರ ಚೆಲ್ಲಬೇಡಿ. ಅದರಲ್ಲಿ ಉಪ್ಪು ಇರುವುದರಿಂದ ಸುಕ್ಕಕ್ಕೆ, ಅಂದರೆ ತೆಂಗಿನತುರಿಯ ಒಣ ಪಲ್ಯಕ್ಕೆ, ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡುವುದು ಒಳ್ಳೆಯದು.

ಉತ್ತರ, ಬೆಂಗಳೂರಿನಿಂದ

ಅಡುಗೆಯ ವಿಷಯದಲ್ಲಿ ನಾನು ಹೊಸದೇನನ್ನೂ ಹೇಳಲಾರೆ, ಆದರೆ ಒಂದು ಎಚ್ಚರಿಕೆ. ಕಳೆದ ಬೇಸಿಗೆಯಲ್ಲಿ ಮಧ್ಯಾಹ್ನ ಬಂಗುಡೆ ಕೊಂಡು, ಅದನ್ನು ಕಾರಿನಲ್ಲೇ ಬಿಟ್ಟು ಇನ್ನೊಂದು ಕೆಲಸ ಮುಗಿಸಿ, ಮನೆಗೆ ಬಂದು ಚೆನ್ನಾಗಿಯೇ ಬೇಯಿಸಿದೆ. ಊಟವಾಗಿ ಅರ್ಧ ಗಂಟೆಯೊಳಗೆ ನನಗೂ ಮಗನಿಗೂ ಮುಖ ಕೆಂಪೇರಿ ಮೈಯೆಲ್ಲ ತುರಿಕೆ ಶುರುವಾಯಿತು. ವೈದ್ಯರು ಹೇಳಿದಂತೆ, ಬಂಗುಡೆ, ಬೂತಾಯಿ, ಕೇದರದಂತಹ ಮೀನುಗಳು ಬಿಸಿಲಲ್ಲಿ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಅಂದಿನಿಂದ ಮೀನಿಗೆ ಹೋಗುವಾಗ ಮಂಜುಗಡ್ಡೆ ತುಂಬಿದ ಡಬ್ಬಿ ನನ್ನ ಜೊತೆಗಿರುತ್ತದೆ. ಅಂಗಡಿಯವರು ನಕ್ಕರೆ ನಗಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಪಟ್ಟಿಯಿಲ್ಲದೆ ಹೋದೆ. ಸಿಕ್ಕಿದ್ದು ತಿಳಿಗೆಂಪು ಬಣ್ಣದ, ಅಂಗಡಿಯವರು ಮದ್ಮಾಲ್ ಎಂದು ಕರೆದ ಮೀನು. ಎಣ್ಣೆ ಕಡಿಮೆ, ಮಾಂಸ ಮೆದು ಎಂದರು. ತೆಂಗಿನಕಾಯಿ ಹೆಚ್ಚು ಮಾಡಿ, ನಾಲ್ಕು ಅಂಬಟೆ ಜಜ್ಜಿ ಹಾಕಿ, ಸೌಟು ಮುಟ್ಟದೆ ಪಾತ್ರೆಯನ್ನು ತಿರುಗಿಸಿದೆ. ಎರಡು ತುಂಡು ಒಡೆದವು, ಉಳಿದವು ನಿಂತವು. ಯಜಮಾನರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಒಂದು ಸಂದೇಹ ಉಳಿದಿದೆ: ಮೊದಲೇ ರುಬ್ಬಿಟ್ಟ ಮಸಾಲೆ ಎಷ್ಟು ದಿನ ತಾಳುತ್ತದೆ?

ಉತ್ತರ, ಕುಂದಾಪುರದಿಂದ

ತೆಂಗಿನಕಾಯಿ ಸೇರಿಸದಿದ್ದರೆ ಫ್ರಿಜ್‌ನಲ್ಲಿ ಮೂರು ದಿನ ಇಡುತ್ತೇನೆ. ಅದಕ್ಕೂ ಹೆಚ್ಚು ಬೇಕಾದರೆ ಮಂಜುಗಡ್ಡೆಯ ಅಚ್ಚಿನಲ್ಲಿ ತುಂಬಿ ಫ್ರೀಜರಿನಲ್ಲಿಡಿ. ಅರ್ಧ ಕಿಲೋ ಮೀನಿಗೆ ಮೂರು ಗಡ್ಡೆ ಸಾಕಾಗುತ್ತವೆ. ಆ ಅಚ್ಚನ್ನು ಮತ್ತೆ ಪಾನಕಕ್ಕೆ ಬಳಸಲಾಗದು ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿಬಿಡಿ.