ಅಪ್‌ಡೇಟ್: ಹಸಿರು ಅಂಚು ಹೋಯಿತು, ಬಂಡೆ ಉರುಳಿತು

ಚಿತ್ರದುರ್ಗದ ನಮ್ಮ ಮನೆಯ ತಾರಸಿಯಲ್ಲಿ ಹಸಿರು ಬಟ್ಟೆ ಕಟ್ಟಿ (ಆಮೇಲೆ ಕಂಪ್ಯೂಟರಿನಲ್ಲಿ ಆ ಹಸಿರನ್ನು ಅಳಿಸಿ ಬೇರೆ ಹಿನ್ನೆಲೆ ಕೂಡಿಸಲು) ತೆಗೆಯುತ್ತಿದ್ದ ಕಾಲೇಜಿನ ಕಿರುಚಿತ್ರದ ಬಗ್ಗೆ ಹತ್ತು ದಿನಗಳ ಹಿಂದೆ ಇಲ್ಲಿ ಸಲಹೆ ಕೇಳಿದ್ದೆ. ನಾಯಕಿಯ ಕೂದಲಿನ ಸುತ್ತ ಹಸಿರು ಅಂಚು ಉಳಿಯುತ್ತಿತ್ತು, ಕೋಟೆಯಿಂದ ಉರುಳುವ ಬಂಡೆ ಆಟಿಕೆಯಂತೆ ಕಾಣುತ್ತಿತ್ತು. ಎರಡೂ ಬಗೆಹರಿದವು.

ಅಂಚಿಗೆ ಮದ್ದಾದದ್ದು ನಟಿಯನ್ನು ಬಟ್ಟೆಯಿಂದ ದೂರ ನಿಲ್ಲಿಸಿ ಎಂಬ ಸಲಹೆ. ಎಂಟು ಅಡಿ ಮುಂದೆ ಬಂದದ್ದೇ ತಡ, ಬಟ್ಟೆಯಿಂದ ಪುಟಿದು ಕೂದಲಿಗೆ ಬೀಳುತ್ತಿದ್ದ ಹಸಿರು ಬೆಳಕು ಮಾಯ. ಬಟ್ಟೆಯ ಸುಕ್ಕು ಹೋಗಲು ಇಸ್ತ್ರಿ ಮಾಡಿ ಎಂದವರಿಗೆ ದೂರದಿಂದಲೇ ನಮಸ್ಕಾರ. ಗಾಳಿಯಂತ್ರಗಳನ್ನೇ ತಿರುಗಿಸುವ ದುರ್ಗದ ಗಾಳಿಗೆ ಆ ಇಸ್ತ್ರಿ ಐದು ನಿಮಿಷವೂ ನಿಲ್ಲಲಿಲ್ಲ. ಕೊನೆಗೆ ಅಜ್ಜಿಯ ನವಾರು ಮಂಚವನ್ನು ನಿಲ್ಲಿಸಿ, ಅದರ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದೆವು.

ಥರ್ಮಾಕೋಲ್ ಬಂಡೆಯನ್ನು ಸೆಕೆಂಡಿಗೆ 120 ಫ್ರೇಮ್‌ಗಳಲ್ಲಿ ಸೆರೆಹಿಡಿದು 24ರಲ್ಲಿ ಓಡಿಸಿದಾಗ ಅದು ಐದು ಪಟ್ಟು ನಿಧಾನವಾಗಿ, ನಿಜಕ್ಕೂ ಭಾರವಿದ್ದಂತೆ ಉರುಳಿತು. ಧೂಳಿಗೆಂದು ಹೇಳಿದ್ದ ಗೋಧಿಹಿಟ್ಟು ಉಂಡೆಗಟ್ಟಿತು. ಜರಡಿ ಹಿಡಿದ ಒಲೆಬೂದಿ ಗೆದ್ದಿತು.

ಯಾರೂ ಎಚ್ಚರಿಸದ ಸಂಗತಿ ಒಂದಿದೆ. ಟ್ಯೂಬ್‌ಲೈಟಿನ ಕೆಳಗೆ ಈ ವೇಗದಲ್ಲಿ ತೆಗೆದರೆ ಚಿತ್ರ ಮಿಣುಕುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ, 120 ಫ್ರೇಮ್‌ಗಳಿಗೆ ಅದು ಹೊಂದುವುದಿಲ್ಲ. ಬಂಡೆಯನ್ನು ನಡುಹಗಲಿನ ಬಿಸಿಲಿಗೆ ಒಯ್ದೆವು, ಸರಿಹೋಯಿತು.

ಸಂಕಲನ ಮುಗಿದಿದೆ. ಅಜ್ಜಿ ಮಾತ್ರ ದಿನಕ್ಕೆರಡು ಸಲ ಮಂಚ ಕೇಳುತ್ತಿದ್ದಾರೆ.