ಕೀಲಿಯೊಳಗಿನ ಚಿಪ್ ನಂಬರ್ ಎಲ್ಲಿರುತ್ತದೆ? ಇನ್ನೊಂದು ಕೀ ಮಾಡಿಸಿದವರು ದಯವಿಟ್ಟು ಅನುಭವ ಹೇಳಿ

ಒಂಟಿಕೀಲಿ:
ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಸಿಕ್ಕಿದ್ದು ಒಂದೇ ಕೀ. ಅದೂ ಕಳೆದರೆ ಗತಿಯೇನು ಎಂದು ಇನ್ನೊಂದು ಮಾಡಿಸಲು ಹೊರಟಿದ್ದೇನೆ. ಕೀ ಮಾರುವವರು "ಮೊದಲು ಚಿಪ್ ನಂಬರ್ ಹೇಳಿ" ಎನ್ನುತ್ತಾರೆ. ಬ್ಲೇಡಿನ ಮೇಲೆ ಯಾವ ಅಕ್ಷರವೂ ಇಲ್ಲ. ಹಿಡಿಯನ್ನು ಬಿಡಿಸಿ ನೋಡಿದೆ. ಒಳಗೆ ಉಗುರಿನಷ್ಟು ಅಗಲದ ಕಪ್ಪು ತುಂಡೊಂದಿದೆ, ಅದರ ಮೇಲೂ ಏನೂ ಬರೆದಿಲ್ಲ. ಬಟನ್ ಇಲ್ಲದ ಸಾದಾ ಕೀ. ಕಾರು ಸರಿಯಾಗಿ ಸ್ಟಾರ್ಟ್ ಆಗುತ್ತದೆ. ನಂಬರ್ ಎಲ್ಲಿ ಹುಡುಕಲಿ? ಕೀ ಬಿಚ್ಚಿದ ಹಾಗೆಯೇ ಮೇಜಿನ ಮೇಲಿದೆ.

ಎರಡುಸಲಎಳೆಸಿದವನು:
ನಿಮ್ಮ ಪ್ರಶ್ನೆ ಓದಿ ನನ್ನ ಹಳೆಯ ಗಾಯ ಹಸಿಯಾಯಿತು. ನನಗೂ ಇದೇ ಮಾತು ಹೇಳಿದ್ದರು: ಚಿಪ್ ನಂಬರ್ ಕೊಡಿ. ಕೀ ಗೊಂಚಲಿನಲ್ಲಿ ಒಂದು ಲೋಹದ ಬಿಲ್ಲೆ ಇತ್ತು, ಅದರ ಮೇಲೆ ಐದು ಅಂಕಿ. ಇದೇ ಇರಬೇಕು ಎಂದು ಕೊಟ್ಟೆ. ಅವರೂ ಮರುಪ್ರಶ್ನೆ ಕೇಳದೆ ಬರೆದುಕೊಂಡರು. ಹನ್ನೊಂದು ದಿನ ಕಾದ ಮೇಲೆ ಕೀ ಬಂತು. ಬಾಗಿಲು ತೆರೆಯಿತು, ಇಗ್ನಿಷನ್ ತಿರುಗಿತು, ಎಂಜಿನ್ ಹತ್ತಿಕೊಂಡು ಎರಡು ಸೆಕೆಂಡಿಗೆ ನಿಂತಿತು. ಮತ್ತೆ ಹಾಗೆಯೇ. ಆ ಐದು ಅಂಕಿ ಹಲ್ಲು ಕತ್ತರಿಸುವ ಕೋಡ್, ಚಿಪ್‌ಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಆಮೇಲೆ ತಿಳಿಯಿತು. ನನಗೆ ಬಂದ ಕೀಯಲ್ಲಿ ಚಿಪ್ಪೇ ಇರಲಿಲ್ಲ, ಅದರ ಜಾಗದಲ್ಲಿ ಖಾಲಿ ಗೂಡು.

ಈಗ ಲೆಕ್ಕ ಕೇಳಿ. ಹಲ್ಲು ಕತ್ತರಿಸಿದ್ದಕ್ಕೆ ಒಂದು ಸಲ. ಚಿಪ್‌ಗೆ ಬೇರೆ. "ಪರೀಕ್ಷಾ ಶುಲ್ಕ" ಎಂದು ಇನ್ನೊಂದು. ಆ ಹೊತ್ತಿಗೆ ಹಳೆಯ ಕೀಯ ಹಿಡಿ ಮುರಿದಿದ್ದರಿಂದ ಕಾರನ್ನು ಎಳೆಸಿಕೊಂಡು ಹೋದದ್ದು ಒಂದು ಸಲ. ಅಲ್ಲಿ ಯಂತ್ರ ಕೆಟ್ಟಿದೆ ಎಂದಾಗ ವಾಪಸ್ ಎಳೆಸಿದ್ದು ಎರಡನೇ ಸಲ. ಒಟ್ಟು ಹಣದಲ್ಲಿ ನಾಲ್ಕು ಹೊಸ ಟೈರ್ ಹಾಕಿಸಿ, ಉಳಿದದ್ದರಲ್ಲಿ ಬ್ಯಾಟರಿಯನ್ನೂ ಬದಲಾಯಿಸಬಹುದಿತ್ತು. ರಸೀದಿಗಳೆಲ್ಲ ಇಂದಿಗೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿವೆ.

ರಿಂಗ್‌ಕಾಯಿಲ್:
ಬ್ಯಾಟರಿ ಹೋಗಿರಬಹುದು. ಕೀಯೊಳಗಿನ ಸೆಲ್ ಬದಲಾಯಿಸಿ ನೋಡಿ. ನನ್ನದು ಹಾಗೆಯೇ ಸರಿಹೋಯಿತು.

ಬೀಗದವನು:
ರಿಂಗ್‌ಕಾಯಿಲ್ ಎಂಬ ಹೆಸರಿಟ್ಟುಕೊಂಡು ಹೀಗೆ ಬರೆಯುತ್ತೀರಲ್ಲ ಸ್ವಾಮಿ. ಅವರ ಕಾರು ಕೆಟ್ಟಿಲ್ಲ, ಅವರು ಕೇಳುತ್ತಿರುವುದು ನಂಬರ್. ಬಟನ್ ಇಲ್ಲದ ಕೀಯಲ್ಲಿ ಸೆಲ್ ಎಲ್ಲಿಂದ ಬರಬೇಕು? ಇಮ್ಮೊಬಿಲೈಜರ್ ಎಂದರೆ ತನ್ನ ಕೀಯಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ, ಅದರ ಚಿಪ್‌ಗೆ ಸೆಲ್ ಬೇಡ. ಇಗ್ನಿಷನ್ ಬೀಗದ ಸುತ್ತ ಇರುವ ತಂತಿಯ ಸುರುಳಿ, ಅಂದರೆ ರಿಂಗ್ ಕಾಯಿಲ್, 125 ಕಿಲೋಹರ್ಟ್ಜ್‌ನಲ್ಲಿ ಚಿಪ್‌ಗೆ ಶಕ್ತಿ ಕೊಡುತ್ತದೆ, ಚಿಪ್ ಉತ್ತರಿಸುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್ಪುಗಳಾದರೆ 134.2. ಸೆಲ್ ಬೇಕಾಗುವುದು ಬಾಗಿಲು ತೆರೆಯುವ ರಿಮೋಟಿಗೆ.

ಇನ್ನು ನಂಬರ್ ವಿಷಯ. ಜನ ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ಒಂದೇ ಹೆಸರು ಇಟ್ಟಿದ್ದಾರೆ. ಬಿಲ್ಲೆಯ ಮೇಲಿನದು ಹಲ್ಲಿನ ಕೋಡ್. ಹೊಸ ಕೀ ನೋಂದಾಯಿಸುವಾಗ ಕಾರು ಕೇಳುವುದು ಪಿನ್, ಅಂದರೆ ಆ ಕಾರಿನ ಗುಟ್ಟಿನ ಸಂಖ್ಯೆ. ಚಿಪ್ ಒಳಗೆ ಅದರದ್ದೇ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದು ಪ್ರತಿ ತುಂಡಿಗೂ ಬೇರೆ, ಅದರಿಂದ ಚಿಪ್ ತರಿಸಲು ಬರುವುದಿಲ್ಲ. ಮಾರುವವರು ಕೇಳುತ್ತಿರುವುದು ನಾಲ್ಕನೆಯದು, ಚಿಪ್‌ನ ಜಾತಿ: 46, 48, 4ಸಿ, 4ಡಿ, 13 ಹೀಗೆ. ಕೆಲವು ಟೊಯೋಟಾ ಕೀಗಳ ಬ್ಲೇಡಿನ ಬುಡದಲ್ಲಿ ಇಂಗ್ಲಿಷಿನ ಜಿ ಅಥವಾ ಎಚ್ ಅಕ್ಷರ ಒತ್ತಿರುತ್ತಾರೆ, ಕೆಲವದರಲ್ಲಿ ಒಂದು ಚುಕ್ಕೆ ಮಾತ್ರ. ಚುಕ್ಕೆ ಇದ್ದರೆ 4ಡಿ 67, ಜಿ ಇದ್ದರೆ 80 ಬಿಟ್ ಗುಪ್ತಲಿಪಿಯದ್ದು, ಎಚ್ ಇದ್ದರೆ 128 ಬಿಟ್‌ನದ್ದು. ನೋಡಲು ಮೂರೂ ಒಂದೇ ಕೀ. ಏನೂ ಒತ್ತಿಲ್ಲದಿದ್ದರೆ ಊಹೆಗೆ ಹೋಗಬಾರದು, ಚಿಪ್ ಓದುವ ಯಂತ್ರದ ಸುರುಳಿಯೊಳಗೆ ಕೀ ಇಟ್ಟರೆ ಕ್ಷಣದಲ್ಲಿ ಜಾತಿ ಹೇಳುತ್ತದೆ. ಕಪ್ಪು ತುಂಡನ್ನು ನೋಡಿ ಜಾತಿ ಹೇಳುತ್ತೇನೆ ಎನ್ನುವವರ ಬಳಿ ಹೋಗಬೇಡಿ. ಅದೇ ಅಳತೆಯ ಕಪ್ಪು ತುಂಡುಗಳಲ್ಲಿ 46 ಇದೆ, ಬೇರೆಯವೂ ಇವೆ. ಗಾಜಿನ ಕೊಳವೆಯಂತಿದ್ದರೂ ಅಷ್ಟೇ.

ಕಸದಬುಟ್ಟಿ:
ಬೀಗದವನು ಅವರು ಹೇಳಿದ್ದೆಲ್ಲ ಸರಿ. ಆದರೆ ಒಂಟಿಕೀಲಿಯವರೇ, ಆ ಕಪ್ಪು ತುಂಡನ್ನು ಬಿಚ್ಚಿ ಮೇಜಿನ ಮೇಲಿಡಬೇಡಿ. ನನ್ನ ಈ ಹೆಸರಿನ ಕಥೆ ಹೇಳುತ್ತೇನೆ.

ನನ್ನ ಕೀಯ ಹಿಡಿ ಸೀಳಿತ್ತು. ಖಾಲಿ ಕವಚ ತರಿಸಿ, ಬ್ಲೇಡನ್ನೂ ರಿಮೋಟಿನ ಸರ್ಕ್ಯೂಟ್ ಬಿಲ್ಲೆಯನ್ನೂ ಅದಕ್ಕೆ ವರ್ಗಾಯಿಸಿ, ಹಳೆಯದನ್ನು ಕಸಕ್ಕೆ ಹಾಕಿದೆ. ಬಾಗಿಲು ಬಟನ್‌ನಿಂದಲೇ ತೆರೆಯಿತು, ಗೆದ್ದೆ ಎಂದುಕೊಂಡೆ. ಎಂಜಿನ್ ಮಾತ್ರ ಗಿರಗಿರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಮೀಟರಿನಲ್ಲಿ ಬೀಗದ ಚಿತ್ರದ ದೀಪ ಮಿನುಗುತ್ತಿದೆ. ಚಿಪ್ ಹಳೆಯ ಹಿಡಿಯ ಮೂಲೆಯ ಗೂಡಿನಲ್ಲಿ ಅಂಟಿಕೊಂಡೇ ಉಳಿದಿತ್ತು, ಅದು ಬೇರೆ ವಸ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಕಸದ ಗಾಡಿ ಬೆಳಿಗ್ಗೆಯೇ ಹೋಗಿಯಾಗಿತ್ತು. ಇನ್ನೊಂದು ಕೀ ನನ್ನ ಬಳಿ ಇರಲಿಲ್ಲ.

ಅಲ್ಲಿಂದ ಶುರು. ಕೀ ಎಲ್ಲವೂ ಕಳೆದುಹೋದ ಕಾರು ಎಂದರೆ ಬೆಲೆಯೇ ಬೇರೆಯಂತೆ. ಮೊದಲ ಸಲ ಬಂದವನು ಡಯಾಗ್ನೋಸ್ಟಿಕ್ ಸಾಕೆಟ್‌ಗೆ ತನ್ನ ಯಂತ್ರ ಚುಚ್ಚಿ ಮೂರು ಗಂಟೆ ಕುಳಿತ, ಪಿನ್ ಸಿಗಲಿಲ್ಲ, ಬಂದಿದ್ದಕ್ಕೆ ದುಡ್ಡು ತೆಗೆದುಕೊಂಡ. ಎರಡನೆಯವನು ಇಮ್ಮೊಬಿಲೈಜರ್ ಪೆಟ್ಟಿಗೆಯನ್ನೇ ಸ್ಟೀರಿಂಗ್ ಕೆಳಗಿನಿಂದ ಬಿಚ್ಚಿ, ಒಳಗಿನ ಎಂಟು ಕಾಲಿನ ಮೆಮೊರಿ ಐಸಿಯನ್ನು ಓದಿ, ಹೊಸ ಚಿಪ್‌ಗೆ ಬರೆದ. ಕಾರು ಸ್ಟಾರ್ಟ್ ಆಯಿತು. ಪ್ಲಾಸ್ಟಿಕ್ ಕೊಂಡಿಗಳು ಎರಡು ಮುರಿದವು, ಈಗಲೂ ಹಂಪ್ ಬಂದಾಗ ಅಲ್ಲಿ ಟಕಟಕ ಎನ್ನುತ್ತದೆ. ಖಾಲಿ ಕವಚಕ್ಕೆ ಕೊಟ್ಟದ್ದರ ನಲವತ್ತು ಪಟ್ಟು ಆ ಕಪ್ಪು ತುಂಡಿಗೆ ಕೊಟ್ಟೆ. ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ, ನಲವತ್ತೊಂದು.

ಕಂಪನಿಯಲ್ಲೇಮಾಡಿಸಿ:
ಇಷ್ಟೆಲ್ಲ ಗೋಳು ಏಕೆ? ನಾನು ದಾಖಲೆ, ಗುರುತಿನ ಚೀಟಿ, ಚಾಸಿ ನಂಬರ್ ಕೊಟ್ಟೆ, ಅಧಿಕೃತ ಸರ್ವಿಸ್ ಸೆಂಟರ್‌ನವರೇ ತರಿಸಿ ಹಾಕಿಕೊಟ್ಟರು. ನನ್ನ ಕೀಯಲ್ಲಿ ಯಾವ ಚಿಪ್ ಇದೆ ಎಂದು ನನಗೆ ಇಂದಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕಾರು ಕೊಳ್ಳಲು ದುಡ್ಡಿದೆ, ಕೀಗೆ ಇಲ್ಲ ಎಂದರೆ ಹೇಗೆ?

ಬೀಗದವನು:
ಎಷ್ಟು ದಿನ ಕಾದಿರಿ?

ಕಂಪನಿಯಲ್ಲೇಮಾಡಿಸಿ:
ಹತ್ತೊಂಬತ್ತು. ಅದು ಪ್ರಶ್ನೆಯಲ್ಲ.

ಬೀಗದವನು:
ನಿಮ್ಮ ಹಳೆಯ ಎರಡೂ ಕೀಗಳು ಈಗ ಕೆಲಸ ಮಾಡುತ್ತಿವೆಯೇ?

ಕಂಪನಿಯಲ್ಲೇಮಾಡಿಸಿ:
ಒಂದು ಮಾಡುತ್ತದೆ. ಇನ್ನೊಂದನ್ನು ಅಂದು ಮನೆಯಲ್ಲಿ ಬಿಟ್ಟು ಹೋಗಿದ್ದೆ. ಹೊಸದನ್ನು ಸೇರಿಸುವಾಗ ಎದುರಿಗಿಲ್ಲದ ಕೀಗಳನ್ನು ಕಾರು ಮರೆತುಬಿಡುತ್ತದೆಯಂತೆ. ಮೊದಲೇ ಹೇಳಬಹುದಿತ್ತು, ಹೇಳಲಿಲ್ಲ. ಮತ್ತೆ ಹೋದರೆ ಮತ್ತೆ ಶುಲ್ಕ ಎಂದರು. ಮೂರು ಕೀ ಇರಬೇಕಾದಲ್ಲಿ ಎರಡೇ ಆದವು. ಆದರೂ ಬೀದಿಯಲ್ಲಿ ಮಾಡಿಸುವುದಕ್ಕಿಂತ ವಾಸಿ.

ಬೀಗದವನು:
ಹೊಸ ಕೀ ಒಂದಕ್ಕೆ ದುಡ್ಡು ಕೊಟ್ಟು ಹಳೆಯ ಕೀ ಒಂದನ್ನು ಕೊಂದುಕೊಂಡು ಬಂದಿರಿ. ನಾನು "ಬೀದಿಯಲ್ಲಿ" ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ, ಕೆಲಸ ಮುಟ್ಟುವ ಮೊದಲು ಗಿರಾಕಿಗೆ ನಾನು ಹೇಳುವ ಮೊದಲ ಮಾತೇ "ಇರುವ ಕೀಗಳನ್ನೆಲ್ಲ ತನ್ನಿ" ಎಂದು.

ಟಿಪಿ24:
ಇಬ್ಬರೂ ನಿಲ್ಲಿಸಿ. ಬೀಗದವನು ಅವರೇ, ಜಾತಿ ಗೊತ್ತಾದರೆ ಸಾಕು ಎಂಬಂತೆ ಬರೆದಿದ್ದೀರಿ. ಸಾಲದು. ನನ್ನ ಕೀಯನ್ನು ನಿಮ್ಮಂಥವರೇ ಒಬ್ಬರು ಓದಿ "48" ಎಂದರು. 48 ತರಿಸಿದೆ. ಪಿನ್ ಇತ್ತು, ಯಂತ್ರ ಇತ್ತು, ಕಾರು ಮಾತ್ರ ಆ ಚಿಪ್ಪನ್ನು ಒಪ್ಪಲಿಲ್ಲ. ಇನ್ನೊಂದು ತರಿಸಿದೆ, ಅದನ್ನೂ ಒಪ್ಪಲಿಲ್ಲ. ಆಮೇಲೆ ತಿಳಿದದ್ದು: ಫೋಕ್ಸ್‌ವ್ಯಾಗನ್ ಬಳಗದ ಕ್ಯಾನ್ (ಕಾರಿನೊಳಗಿನ ಯಂತ್ರಗಳನ್ನು ಬೆಸೆಯುವ ಜಾಲ) ಬಂದ ಕಾಲದ ಕಾರುಗಳಿಗೆ ಮೊದಲೇ ಬ್ರ್ಯಾಂಡಿಗೆ ತಕ್ಕಂತೆ ಬರೆದಿಟ್ಟ 48 ಬೇಕು. ಸೀಟ್‌ಗೆ ಟಿಪಿ 22, ಫೋಕ್ಸ್‌ವ್ಯಾಗನ್‌ಗೆ 23, ಸ್ಕೋಡಾಗೆ 24, ಆಡಿಗೆ 25. ನಾನು ಕೊಂಡಿದ್ದು ಬರೀ 48. ಎರಡು ಚಿಪ್, ಎರಡು ಸಲದ ಕೂಲಿ, ಒಂದು ರಜೆ. ಆ ಎರಡೂ ಚಿಪ್ಪುಗಳು ಈಗ ಪೆನ್ನಿನ ಸ್ಟ್ಯಾಂಡಿನಲ್ಲಿವೆ, ಬೇಕಾದವರು ತೆಗೆದುಕೊಳ್ಳಬಹುದು.

ಬೀಗದವನು:
ಆ ಕಾರುಗಳಿಗೆ ಜಾತಿಯೊಂದೇ ಸಾಕು ಎಂದು ನಾನು ಎಲ್ಲಿ ಹೇಳಿದೆ? ಕಾರಿನ ಮಾದರಿ, ತಯಾರಾದ ವರ್ಷ, ಚಿಪ್‌ನ ಜಾತಿ, ಮೂರನ್ನೂ ಹೊಂದಿಸಿಯೇ ತರಿಸಬೇಕು. ಇದು ಎಲ್ಲರಿಗೂ ಗೊತ್ತಿರುವುದೇ.

ಟಿಪಿ24:
ಎಲ್ಲರಿಗೂ ಗೊತ್ತಿದ್ದರೆ ಯಾರೂ ಇಲ್ಲಿ ಬಂದು ಕೇಳುತ್ತಿರಲಿಲ್ಲ.

ರಿಂಗ್‌ಕಾಯಿಲ್:
ಒಂದು ಸುಲಭ ಉಪಾಯ. ಕೀಯ ಹಿಡಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಸ್ಟಾರ್ಟ್ ಮಾಡಿ ನೋಡಿ. ಆಗದಿದ್ದರೆ ಚಿಪ್ ಇದೆ ಎಂದು ಅರ್ಥ.

ಕಸದಬುಟ್ಟಿ:
ಅವರು ಚಿಪ್ಪನ್ನು ಕಣ್ಣಾರೆ ನೋಡಿದ್ದಾರೆ! ಇದೆಯೋ ಇಲ್ಲವೋ ಎಂದು ಕೇಳಿದವರಾರು?

ರಿಂಗ್‌ಕಾಯಿಲ್:
ನನಗೆ ಉಪಯೋಗಕ್ಕೆ ಬಂತು, ಅದಕ್ಕೇ ಹೇಳಿದೆ. ಎರಡು ಕೀಗಳನ್ನು ಒಂದೇ ಗೊಂಚಲಿನಲ್ಲಿ ಹಾಕಿದರೂ ಕೆಲವೊಮ್ಮೆ ಸ್ಟಾರ್ಟ್ ಆಗುವುದಿಲ್ಲ, ಎರಡು ಚಿಪ್ಪುಗಳೂ ಒಟ್ಟಿಗೆ ಉತ್ತರಿಸುತ್ತವೆ. ಇದಾದರೂ ಸರಿಯೋ ತಪ್ಪೋ ಬೀಗದವನು ಅವರೇ ಹೇಳಲಿ.

ಬೀಗದವನು:
ಇದು ಸರಿ.

ಎರಡುಸಲಎಳೆಸಿದವನು:
ಒಂದು ಮಾತು ಬಿಟ್ಟುಹೋಗಿತ್ತು. ಎರಡನೇ ಸಲ ಎಳೆಸಿದಾಗ ಮುಂದಿನ ಬಂಪರಿನ ಕೆಳಗೆ ಗೀರು ಬಿದ್ದಿತು. ಅದನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ.

ಒಂಟಿಕೀಲಿ:
ಎಲ್ಲರಿಗೂ ಧನ್ಯವಾದ. ಇಂದು ಕೀ ಮಾಡುವವರೊಬ್ಬರ ಬಳಿ ಓದಿಸಿದೆ. ಪರದೆಯಲ್ಲಿ "46, ಲಾಕ್ ಆಗಿದೆ" ಎಂದು ಬಂತು. ಲಾಕ್ ಆಗಿದ್ದರೆ ಇನ್ನೊಂದು ಕೀ ಮಾಡಲು ಆಗುವುದಿಲ್ಲವೇ? ಕೀಯ ಫೋಟೋ ಹಾಕಲೇ?

ಕಂಪನಿಯಲ್ಲೇಮಾಡಿಸಿ:
ಲಾಕ್ ಆದ ಚಿಪ್ಪನ್ನು ನಕಲು ಮಾಡಲಾಗದು. ಅದಕ್ಕೇ ಕಂಪನಿಗೆ ಹೋಗಿ ಎಂದದ್ದು.

ಬೀಗದವನು:
ಫೋಟೋ ಹಾಕಬೇಡಿ! ಬ್ಲೇಡಿನ ಸ್ಪಷ್ಟ ಫೋಟೋ ಇದ್ದರೆ ಹಲ್ಲಿನ ಆಳಗಳನ್ನು ಅಳೆದು ಇನ್ನೊಂದು ಕತ್ತರಿಸಬಹುದು. ಮತ್ತು ಲಾಕ್ ಎಂದರೆ ಕೀ ಮಾಡಲಾಗದು ಎಂದಲ್ಲ. 46ರ ಮೂಲ ಚಿಪ್ ಪಿಸಿಎಫ್ 7936. ಬಹಳಷ್ಟು ಕಾರುಗಳು ಅದನ್ನು ತಮ್ಮದಾಗಿಸಿಕೊಂಡ ಮೇಲೆ ಬೀಗ ಹಾಕುತ್ತವೆ. ಹಾಗೆ ಲಾಕ್ ಆದ ತುಂಡನ್ನು ಬೇರೆ ಕಾರಿಗೆ ಬಳಸಲಾಗದು, ಅಷ್ಟೇ. ಆದ್ದರಿಂದ ಯಾರೋ ಬಳಸಿದ ಹಳೆಯ 46 ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಹೊಸ, ಲಾಕ್ ಆಗದ 46 ತಂದು ಪಿನ್ ಕೊಟ್ಟು ನೋಂದಾಯಿಸಿದರೆ ಆಯಿತು.

ಟಿಪಿ24:
46 ಎಂಬುದು ಭದ್ರತೆಯೇ? ಅದರ ಹೈಟ್ಯಾಗ್ 2 ಎಂಬ ಗುಪ್ತಲಿಪಿಯನ್ನು 2012ರಲ್ಲೇ ಸಂಶೋಧಕರು ಆರು ನಿಮಿಷದಲ್ಲಿ ಬಿಡಿಸಿ ತೋರಿಸಿದ್ದಾರೆ. 48ರ ಸಂಶೋಧನೆಯ ಪ್ರಕಟಣೆಯನ್ನು ಬ್ರಿಟನ್ನಿನ ನ್ಯಾಯಾಲಯ 2013ರಲ್ಲಿ ತಡೆಯಿತು, 2015ರಲ್ಲಿ ಅದೂ ಹೊರಬಂತು. ಇಂಥ ಚಿಪ್‌ಗೆ ನಾನು ಎರಡು ಸಲ ದುಡ್ಡು ಕೊಟ್ಟೆ.

ಬೀಗದವನು:
ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಜರ್ ಕಡ್ಡಾಯವಾಗಿದ್ದು ಸುಮ್ಮನೆಯೇ? ನಿಮ್ಮ ಮನೆಯ ಬೀಗವನ್ನೂ ನಾನು ಎರಡು ನಿಮಿಷದಲ್ಲಿ ತೆಗೆಯಬಲ್ಲೆ, ಹಾಗೆಂದು ನೀವು ಬಾಗಿಲು ತೆರೆದಿಟ್ಟು ಮಲಗುತ್ತೀರಾ?

ಟಿಪಿ24:
ಇದು ಬೆದರಿಕೆಯೋ?

ಬೀಗದವನು:
ಉದಾಹರಣೆ.

ಕಸದಬುಟ್ಟಿ:
46ರಲ್ಲಿ ನಕಲು ಬೇರೆ, ನೋಂದಣಿ ಬೇರೆ ಎಂಬುದನ್ನೂ ಹೇಳಿ ಬೀಗದವನು ಅವರೇ. ನನಗೆ ಮೊದಲು ಬಂದವನು ಅದನ್ನೇ ಕಲಸುಮೇಲೋಗರ ಮಾಡಿದ್ದ.

ಬೀಗದವನು:
ನಕಲು ಮಾಡಿದರೆ ಕಾರಿಗೆ ಎರಡೂ ಒಂದೇ ಕೀ. ಹಳೆಯದು ಕಳೆದುಹೋಗಿ ಅದನ್ನು ಪಟ್ಟಿಯಿಂದ ಅಳಿಸಿದಿರೋ, ಕೈಯಲ್ಲಿರುವ ನಕಲೂ ಸಾಯುತ್ತದೆ. ನೋಂದಾಯಿಸಿದರೆ ಪ್ರತ್ಯೇಕ ಕೀ. 46ರ ನಕಲಿಗೆ ಯಂತ್ರವನ್ನು ಇಗ್ನಿಷನ್ ಹತ್ತಿರ ಹಿಡಿದು ಕಾರು ಮತ್ತು ಕೀಯ ಮಾತುಕತೆಯನ್ನು ಕದ್ದು ಕೇಳಿಸಿಕೊಳ್ಳಬೇಕು, ಕೀಯೊಂದನ್ನೇ ತಂದುಕೊಟ್ಟು "ಮಾಡಿಡಿ, ಸಂಜೆ ಬರುತ್ತೇನೆ" ಎಂದರೆ ಆಗುವುದಿಲ್ಲ. ದಿನಕ್ಕೊಬ್ಬರು ಹೀಗೆ ಬರುತ್ತಾರೆ.

ಕಂಪನಿಯಲ್ಲೇಮಾಡಿಸಿ:
ಕದ್ದು ಕೇಳುವುದಂತೆ! ಇದನ್ನೇ ನಾನು ಹೇಳಿದ್ದು, ಇಂಥ ಕಡೆ ಕಾರು ಬಿಡಬಾರದು ಎಂದು.

ಬೀಗದವನು:
ಮರೆತುಹೋದ ನಿಮ್ಮ ಕೀಯನ್ನು ಒಂದು ದಿನ ತನ್ನಿ, ಕಾರಿಗೆ ನೆನಪು ಮಾಡಿಕೊಡುತ್ತೇನೆ. ಉಳಿದೆರಡನ್ನೂ ಮರೆಯದೆ ತನ್ನಿ.

ಕಂಪನಿಯಲ್ಲೇಮಾಡಿಸಿ:
ಎಷ್ಟಾಗುತ್ತದೆ?

ಒಂಟಿಕೀಲಿ:
ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. 46, ಹೊಸದು, ಲಾಕ್ ಆಗದ್ದು, ಜೊತೆಗೆ ಮಾದರಿ ಮತ್ತು ವರ್ಷ, ಇಷ್ಟು ಹೇಳಿದರೆ ಆಯಿತಲ್ಲವೇ? ಹಾಗಾದರೆ ಕೀಯ ಹಿಡಿಯನ್ನು ಈಗ ಮುಚ್ಚಬಹುದೇ? ನಾಲ್ಕು ದಿನದಿಂದ ರಬ್ಬರ್ ಬ್ಯಾಂಡ್ ಸುತ್ತಿಕೊಂಡೇ ಕಾರು ಓಡಿಸುತ್ತಿದ್ದೇನೆ.

ಕಸದಬುಟ್ಟಿ:
ಮುಚ್ಚಿ. ಅದಕ್ಕೆ ಮೊದಲು ತುಂಡು ಒಳಗಿದೆಯೇ ನೋಡಿಕೊಳ್ಳಿ.