ಕೂದಲು ಕಸಿಯಾಗಿ 23 ದಿನ: ಮುಂದಲೆಯ ಸಿಪ್ಪೆ ನಿಲ್ಲುತ್ತಿಲ್ಲ, ಜೊತೆಗೆ ಕೂದಲೂ ಬರುತ್ತಿದೆ

ಸಾಧನಕೇರಿ31

ನಮಸ್ಕಾರ. ಊರು ಧಾರವಾಡ, ಕೆಲಸ ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ, ವಯಸ್ಸು 31. ಎಫ್‌ಯುಇ ವಿಧಾನದಲ್ಲಿ, ಅಂದರೆ ಹಿಂದಲೆಯಿಂದ ಕೂದಲನ್ನು ಬೇರುಸಹಿತ ಒಂದೊಂದಾಗಿ ತೆಗೆದು ನೆಡುವ ವಿಧಾನದಲ್ಲಿ, 2,200 ಗ್ರಾಫ್ಟ್ (ಬೇರುಸಹಿತ ಕೂದಲಿನ ಸಣ್ಣ ಗುಚ್ಛ) ಹಾಕಿಸಿಕೊಂಡು ಇಂದಿಗೆ 23 ದಿನ. ಮುಂದಲೆಗೂ ಎರಡು ಮೂಲೆಗಳಿಗೂ ಹಾಕಿದ್ದಾರೆ. ಮೊದಲ ವಾರ ಅವರು ಹೇಳಿದಂತೆಯೇ ನಡೆಯಿತು. ಮೂರನೆಯ ದಿನ ಹಣೆ ಊದಿ ಕಣ್ಣಿನವರೆಗೆ ಇಳಿಯಿತು, ಆರನೆಯ ದಿನಕ್ಕೆ ತಾನಾಗಿಯೇ ಹೋಯಿತು. ಹಕ್ಕಳೆಗಳು ಹನ್ನೆರಡನೆಯ ದಿನದ ಹೊತ್ತಿಗೆ ಬಹುಪಾಲು ಬಿದ್ದವು.

ತೊಂದರೆ ಶುರುವಾದದ್ದು ಆಮೇಲೆ. ಹದಿನಾರನೆಯ ದಿನದಿಂದ ಮುಂದಲೆಯಲ್ಲಿ ಬಿಳಿ ಸಿಪ್ಪೆ ಏಳುತ್ತಿದೆ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಅವಲಕ್ಕಿ ಪುಡಿ ಚೆಲ್ಲಿದಂತೆ ಕಾಣುತ್ತದೆ. ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಲು ತಲೆ ಬಗ್ಗಿಸಿದರೆ ಸೀರೆಯ ಮೇಲೆಯೇ ಉದುರುತ್ತದೆ. ಮೊನ್ನೆ ಗಿರಾಕಿಯೊಬ್ಬರು ಏನೂ ಹೇಳದೆ ಸೀರೆಯನ್ನು ಕೊಡವಿ ಪಕ್ಕಕ್ಕಿಟ್ಟರು. ಅದನ್ನಾದರೂ ಸಹಿಸಬಹುದು, ಹೆದರಿಕೆ ಬೇರೆಯದು: ಕೆಲವು ಸಿಪ್ಪೆಗಳ ಜೊತೆ ಕೂದಲೂ ಬರುತ್ತಿದೆ, ಅದರ ಬುಡದಲ್ಲಿ ಗುಂಡುಸೂಜಿಯ ತಲೆಯಂಥ ಸಣ್ಣ ಬಿಳಿ ಚುಕ್ಕೆ. ಹಾಕಿಸಿಕೊಂಡ ಬೇರೇ ಕಿತ್ತು ಬರುತ್ತಿದೆಯೇ?

ಕಸಿ ಮಾಡಿದವರು ಕೊಟ್ಟ ಸೂಚನಾ ಚೀಟಿ ಹತ್ತನೆಯ ದಿನಕ್ಕೆ ಮುಗಿದುಹೋಗುತ್ತದೆ. ಫೋನ್ ಮಾಡಿದರೆ ಫೋಟೊ ಕಳಿಸಿ ಎನ್ನುತ್ತಾರೆ, ಕಳಿಸಿದರೆ ‘ನಾರ್ಮಲ್’ ಎಂಬ ಒಂದೇ ಪದದ ಉತ್ತರ. ಇತ್ತ ಅವ್ವ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಬೆನ್ನು ಹತ್ತಿದ್ದಾಳೆ. ಏನು ಮಾಡಲಿ?

ಮನೆಮದ್ದು ಮಾಮ

ಹೊಟ್ಟಿಗೆ ಮೊಸರು, ನಿಂಬೆರಸಕ್ಕಿಂತ ದೊಡ್ಡ ಮದ್ದಿಲ್ಲ. ಅರ್ಧ ತಾಸು ಹಚ್ಚಿ ಬಿಟ್ಟು, ಸೀಗೆಕಾಯಿ ಹಾಕಿ ಉಜ್ಜಿ ತೊಳೆಯಿರಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ ನಡೆದಿದೆ.

ಔಷಧದಂಗಡಿ ಅಕ್ಕ, ಗದಗ

ಮಾಮಾ, ನಿಮ್ಮ ಮೂರು ತಲೆಮಾರಿನಲ್ಲಿ ಯಾರ ತಲೆಗೂ ಎರಡು ಸಾವಿರ ತೂತು ಕೊರೆದಿರಲಿಲ್ಲ. ಮೂರು ವಾರದ ಹಸಿ ಚರ್ಮಕ್ಕೆ ನಿಂಬೆರಸ ಹಾಕಿದರೆ ಉರಿ ಹತ್ತುತ್ತದೆ, ಅದರ ಮೇಲೆ ಬಿಸಿಲು ಬಿದ್ದರೆ ಕಪ್ಪು ಕಲೆಯೂ ಉಳಿಯಬಹುದು. ಸೀಗೆಕಾಯಿ ಪುಡಿಯ ತರಿ ಬೇರೆ. ಇದು ಬೇಡವೇ ಬೇಡ.

ಸಾಧನಕೇರಿಯವರೇ, ಮೊದಲು ಕೂದಲಿನ ಮಾತು. ನೀವು ನೋಡಿದ ಬಿಳಿ ಚುಕ್ಕೆ ಬೇರಲ್ಲ. ಬೆಳವಣಿಗೆ ನಿಂತ ಯಾವ ಕೂದಲು ಕಳಚಿದರೂ ಬುಡ ಹೀಗೆಯೇ ಉಂಡೆಗಟ್ಟಿರುತ್ತದೆ. ಬಾಚಣಿಗೆಯಲ್ಲಿ ಸಿಕ್ಕ ಹಳೆಯ ಕೂದಲನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲಿಯೂ ಅದೇ ಚುಕ್ಕೆ ಕಾಣಬಹುದು. ಹೊಸ ಕೂದಲು ಹುಟ್ಟಿಸುವ ಕೋಶ ಚರ್ಮದೊಳಗೇ ಉಳಿದಿರುತ್ತದೆ. ಗ್ರಾಫ್ಟೇ ಕಿತ್ತು ಬಂದರೆ ಆ ಜಾಗದಲ್ಲಿ ರಕ್ತ ಜಿನುಗುತ್ತದೆ, ಮತ್ತು ಅದು ಆಗುವುದು ಮೊದಲ ಕೆಲವು ದಿನಗಳಲ್ಲಿ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದನ್ನೇ ಎಳೆದು ಪರೀಕ್ಷಿಸಿದ್ದರು: ಮೊದಲ ಎರಡು ದಿನ ಬರಿಯ ಕೂದಲೆಳೆ ಎಳೆದರೂ ಗ್ರಾಫ್ಟ್ ಬರಬಹುದಿತ್ತು, ಐದನೆಯ ದಿನದವರೆಗೆ ಅಂಟಿದ ಹಕ್ಕಳೆ ಕಿತ್ತರೆ ಗ್ರಾಫ್ಟೂ ಹೋಗುತ್ತಿತ್ತು, ಒಂಬತ್ತನೆಯ ದಿನಕ್ಕೆ ಎರಡರಿಂದಲೂ ಅಪಾಯವಿರಲಿಲ್ಲ. ನೀವು 23ರಲ್ಲಿದ್ದೀರಿ. ಹಾಕಿದ ಕೂದಲು ಎರಡನೆಯ ವಾರದಿಂದ ಎಂಟನೆಯ ವಾರದೊಳಗೆ ಉದುರುವುದು ಬಹುತೇಕ ಎಲ್ಲರಿಗೂ ಇದ್ದದ್ದೇ. ಮೂರು-ನಾಲ್ಕು ತಿಂಗಳಿಗೆ ಮತ್ತೆ ಮೊಳೆಯುತ್ತದೆ.

ಈಗ ಸಿಪ್ಪೆಯ ಮಾತು. ಇದಕ್ಕೆ ಉತ್ತರ ಹೇಳುವ ಮುಂಚೆ ಕೆಲವು ಸಂಗತಿ ಬೇಕು. ಸಿಪ್ಪೆ ಒಣಗಿ ಹಗುರವಾಗಿದೆಯೋ, ಹಳದಿಯಾಗಿ ಜಿಡ್ಡು ಹಿಡಿದಿದೆಯೋ? ಕೂದಲು ತೆಗೆದ ಹಿಂದಲೆಯಲ್ಲಿಯೂ ಇದೆಯೇ? ತಲೆಯನ್ನು ಹೇಗೆ ತೊಳೆಯುತ್ತೀರಿ, ಯಾವ ನೀರಿನಲ್ಲಿ? ‘ಶಾಂಪೂ ಹಾಕುತ್ತೇನೆ’ ಎಂದಷ್ಟೇ ಹೇಳಬೇಡಿ, ಕೈ ಎಲ್ಲೆಲ್ಲಿ ಹೋಗುತ್ತದೆ ಎಂಬುದೂ ಬೇಕು. ಕೂದಲು ಬೆಳೆಯಲೆಂದು ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧ ಶುರು ಮಾಡಿದ್ದೀರಾ? ಕಸಿಗೆ ಮುಂಚೆ ಹೊಟ್ಟಿತ್ತೇ?

ಬ್ಯಾಡಗಿ ಕಡ್ಡಿ

ಅಣ್ಣಾ, ಉದುರುವುದರ ಬಗ್ಗೆ ಅಕ್ಕ ಹೇಳಿದ್ದು ಖರೆ. ನನಗೆ 14 ತಿಂಗಳ ಹಿಂದೆ ಆಯಿತು. ಐದನೆಯ ವಾರದಲ್ಲಿ ಕನ್ನಡಿ ನೋಡಿದರೆ ಕಸಿಗೆ ಮೊದಲಿದ್ದಕ್ಕಿಂತ ಬೋಳಾಗಿದ್ದೆ. ನಮ್ಮಪ್ಪ ಮಾತ್ರ ನಕ್ಕರು. ಮೆಣಸಿನ ಅಗಿ ಹಚ್ಚಿದಾಗ ಮೊದಲು ಬಾಡಿ ಎಲೆ ಚೆಲ್ಲುತ್ತದೆ, ಆಗ ಯಾರಾದರೂ ಅಗಿ ಕಿತ್ತು ಬೇರು ಹಿಡಿದಿದೆಯೇ ಎಂದು ನೋಡುತ್ತಾರೇನು ಎಂದು ಕೇಳಿದರು. ನಾನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ಮಾಡುತ್ತಿದ್ದದ್ದು ಅದನ್ನೇ. ಈಗ ತಲೆ ತುಂಬಿದೆ, ನೆತ್ತಿ ಮಾತ್ರ ಇನ್ನೂ ತೆಳು. ನೆತ್ತಿ ತುಂಬಲು ಒಂದೂವರೆ ವರ್ಷದವರೆಗೂ ಹಿಡಿಯಬಹುದಂತೆ.

ಸಾಧನಕೇರಿ31

ಅಕ್ಕಾ, ಆ ಬಿಳಿ ಚುಕ್ಕೆಯ ವಿಷಯ ಓದಿ ಅರ್ಧ ಜೀವ ಬಂತು. ಹಳೆಯ ಬಾಚಣಿಗೆ ಹುಡುಕಿ ನೋಡಿದೆ, ಅದೇ ಚುಕ್ಕೆ ಇದೆ.

ನಿಮ್ಮ ಪ್ರಶ್ನೆಗಳಿಗೆ ಉತ್ತರ. ಹೆಚ್ಚಿನ ಸಿಪ್ಪೆ ಬಿಳಿ, ಒಣ. ಹಣೆಯ ಅಂಚಿನಲ್ಲಿ ಮಾತ್ರ ಸ್ವಲ್ಪ ಹಳದಿ, ಬೆರಳಿಗೆ ಮೇಣದಂತೆ ಹತ್ತುತ್ತದೆ. ಹಿಂದಲೆಯಲ್ಲಿ ಒಂದು ಚೂರೂ ಇಲ್ಲ. ನೀರು ಮನೆಯ ಬೋರಿನದು, ಬಕೆಟ್ಟಿನ ಅಂಚೆಲ್ಲ ಬೆಳ್ಳಗೆ ಗಟ್ಟಿಯಾಗಿದೆ. ತೊಳೆಯುವುದು ಚೀಟಿಯಲ್ಲಿ ಬರೆದಂತೆಯೇ: ಮಕ್ಕಳ ಶಾಂಪೂವಿನ ನೊರೆಯನ್ನು ಅಂಗೈಯಲ್ಲಿ ತೆಗೆದುಕೊಂಡು ಮುಂದಲೆಯ ಮೇಲೆ ಇಡುತ್ತೇನೆ, ಬೆರಳು ತಾಗಿಸುವುದಿಲ್ಲ, ಎರಡು ನಿಮಿಷಕ್ಕೆ ತಂಬಿಗೆಯಿಂದ ನಿಧಾನವಾಗಿ ನೀರು ಹನಿಸುತ್ತೇನೆ. ಹಿಂದಲೆಯನ್ನು ಎಂದಿನಂತೆ ಉಜ್ಜುತ್ತೇನೆ. ಮಿನಾಕ್ಸಿಡಿಲ್ ಇಲ್ಲ. ಚಳಿಗಾಲದಲ್ಲಿ ಹೊಟ್ಟು ಮೊದಲಿನಿಂದಲೂ ಇದೆ, ಈಗ ಹುಬ್ಬಿನಲ್ಲಿಯೂ ಮೂಗಿನ ಪಕ್ಕದಲ್ಲಿಯೂ ಪೊರೆ ಏಳುತ್ತಿದೆ.

ಇನ್ನೊಂದು ತಪ್ಪೊಪ್ಪಿಗೆ. ಹದಿನೆಂಟನೆಯ ದಿನ ಅವ್ವನಿಗೆ ಸೋತು ಎಣ್ಣೆ ಹಚ್ಚಿಸಿಕೊಂಡೆ. ಮರುದಿನ ಸಿಪ್ಪೆ ಕಾಣಲಿಲ್ಲ, ಅವ್ವ ಗೆದ್ದಳು. ಎರಡು ದಿನ ಬಿಟ್ಟು ಮೊದಲಿಗಿಂತ ಹೆಚ್ಚಾಗಿ ಬಂತು.

ಉಣಕಲ್ ಬೆಳಗು

ಬಕೆಟ್ಟಿನ ಅಂಚು ಬೆಳ್ಳಗಾಗುವ ಬೋರ್ ನೀರೇ ಕಾರಣ, ಇನ್ನೇನನ್ನೂ ಹುಡುಕಬೇಡಿ. ಮಲಪ್ರಭೆಯ ನೀರು ಬಂದ ದಿನ ಹಿಡಿದಿಟ್ಟು ಅದರಲ್ಲಿಯೇ ತಲೆ ತೊಳೆಯಿರಿ. ನಲ್ಲಿಗೆ ಹಾಕುವ ಫಿಲ್ಟರ್ ಸಹ ಸಿಗುತ್ತದೆ, ನಾನು ಹಾಕಿಸಿದ್ದೇನೆ.

ಔಷಧದಂಗಡಿ ಅಕ್ಕ, ಗದಗ

ಉಣಕಲ್ಲಿನವರೇ, ಗಡಸು ನೀರು ಒಣಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ, ಒಪ್ಪಿದೆ. ನದಿ ನೀರು ಸಿಕ್ಕರೆ ಕೊನೆಯ ಎರಡು ತಂಬಿಗೆ ಅದನ್ನೇ ಹಾಕಿಕೊಳ್ಳಲಿ. ಆದರೆ ಹಿಂದಲೆಗೆ ಬೀಳುವುದೂ ಅದೇ ಬೋರ್ ನೀರು, ಅದೇ ಶಾಂಪೂ. ಅಲ್ಲಿಯೂ ಗಾಯವಾಗಿತ್ತು, ಗಾಯಕ್ಕೂ ಅಷ್ಟೇ ವಯಸ್ಸು. ಅಲ್ಲಿ ಒಂದು ಚೂರೂ ಸಿಪ್ಪೆ ಇಲ್ಲ. ಎರಡು ಜಾಗಕ್ಕೂ ಎದ್ದು ಕಾಣುವ ವ್ಯತ್ಯಾಸ ಒಂದೇ: ಹಿಂದೆ ಬೆರಳು ಆಡುತ್ತದೆ, ಮುಂದೆ ಆಡುವುದಿಲ್ಲ.

ಚೀಟಿಯಲ್ಲಿದ್ದದ್ದು ಮೂರನೆಯ ದಿನದ ಸ್ನಾನ. ಆ ದಿನಕ್ಕೆ ಅದು ಸರಿ. ನೀವು ಅದನ್ನೇ 23ನೆಯ ದಿನದವರೆಗೆ ಎಳೆದಿದ್ದೀರಿ. ಚರ್ಮ ದಿನವೂ ಹಳೆಯ ಪೊರೆ ಬಿಡುತ್ತದೆ, ಜಿಡ್ಡು ಸುರಿಸುತ್ತದೆ. ಉಜ್ಜದೆ ಬಿಟ್ಟರೆ ಹಕ್ಕಳೆಯ ಚೂರು, ಒಣಗಿದ ಜಿಡ್ಡು, ಶಾಂಪೂವಿನ ಶೇಷ ಎಲ್ಲ ಪದರಗಟ್ಟಿ ಸಿಪ್ಪೆಯಾಗಿ ಏಳುತ್ತವೆ. ತಪ್ಪು ನಿಮ್ಮದಲ್ಲ. ಹತ್ತನೆಯ ದಿನಕ್ಕೆ ಮುಗಿಯುವ ಚೀಟಿ ಕೊಟ್ಟವರು ಹನ್ನೊಂದನೆಯ ದಿನ ಏನು ಮಾಡಬೇಕೆಂದು ಬರೆಯಬೇಕಿತ್ತು.

ಹೀಗೆ ಮಾಡಿ. ಉಗುರು ಕತ್ತರಿಸಿಕೊಳ್ಳಿ. ಉಗುರುಬೆಚ್ಚಗಿನ ನೀರಿನಿಂದ ಮುಂದಲೆಯನ್ನು ಚೆನ್ನಾಗಿ ನೆನೆಸಿ, ನೊರೆ ಹಚ್ಚಿ ಹತ್ತು ನಿಮಿಷ ಬಿಡಿ. ನೊರೆ ಒಣಗುತ್ತಿದ್ದರೆ ಮತ್ತಷ್ಟು ನೀರು ಚಿಮುಕಿಸಿ. ಆಮೇಲೆ ಬೆರಳ ತುದಿಯ ಮೆತ್ತನೆಯ ಭಾಗದಿಂದ, ಹೋಳಿಗೆಯ ಕಣಕ ತಟ್ಟುವಷ್ಟೇ ಭಾರ ಹಾಕಿ, ಸಣ್ಣ ಸುತ್ತು ತಿರುಗಿಸುತ್ತಾ ಒಂದೆರಡು ನಿಮಿಷ ಆಡಿಸಿ. ಕೆರೆಯಬಾರದು, ಅಂಟಿಕೊಂಡಿದ್ದನ್ನು ಚಿವುಟಿ ಎಬ್ಬಿಸಬಾರದು. ಇಂದು ಬಾರದ್ದು ನಾಳೆ ಬರುತ್ತದೆ. ಟವೆಲ್ಲನ್ನು ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ನಾಲ್ಕು ದಿನ ದಿನಾಲೂ ಮಾಡಿ. ಶುರು ಮಾಡುವ ಮುಂಚೆ ‘ಬೆರಳಾಡಿಸಬಹುದೇ’ ಎಂದು ಆ ವೈದ್ಯರನ್ನು ನೇರವಾಗಿ ಕೇಳಿ. ಈ ಪ್ರಶ್ನೆಗೆ ‘ನಾರ್ಮಲ್’ ಎಂದು ಉತ್ತರಿಸಲಾಗುವುದಿಲ್ಲ.

ಹಣೆಯ ಅಂಚಿನ ಹಳದಿ ಜಿಡ್ಡು, ಹುಬ್ಬು, ಮೂಗಿನ ಪಕ್ಕ: ಇದು ಬೇರೆಯೇ ಕಥೆ ಎಂದು ನನ್ನ ಅನುಮಾನ. ಸೆಬೊರಿಕ್ ಡರ್ಮಟೈಟಿಸ್, ಅಂದರೆ ಜಿಡ್ಡಿನ ಜಾಗಗಳಲ್ಲಿ ಚರ್ಮ ಕೆರಳಿ ಸಿಪ್ಪೆ ಏಳುವ ತೊಂದರೆ, ಇರುವವರಿಗೆ ಹೀಗೆಯೇ ಆಗುತ್ತದೆ. ಚರ್ಮದ ಜಿಡ್ಡನ್ನೇ ತಿಂದು ಬದುಕುವ ಮಲಸೀಜಿಯಾ ಎಂಬ ಶಿಲೀಂಧ್ರ ಎಲ್ಲರ ತಲೆಯಲ್ಲಿಯೂ ಇದೆ, ಕೆಲವರ ಚರ್ಮಕ್ಕೆ ಅದನ್ನು ತಾಳಿಕೊಳ್ಳಲಾಗುವುದಿಲ್ಲ. ನಿಮ್ಮ ಅವ್ವನ ಎಣ್ಣೆ ಒಂದು ದಿನ ಗೆದ್ದದ್ದು ಸಿಪ್ಪೆಯನ್ನು ನೆನೆಸಿ ಅಂಟಿಸಿದ್ದರಿಂದ. ಎರಡು ದಿನ ಬಿಟ್ಟು ಸೋತದ್ದು ಆ ಶಿಲೀಂಧ್ರಕ್ಕೆ ಊಟ ಬಡಿಸಿದ್ದರಿಂದ ಇರಬಹುದು. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ಅದಕ್ಕೆ ಒಗ್ಗುತ್ತವೆ. ನಾಲ್ಕು ದಿನದ ತೊಳೆತದ ನಂತರವೂ ಅಂಚಿನದು ಉಳಿದರೆ ಚರ್ಮರೋಗ ತಜ್ಞರಿಗೆ ತೋರಿಸಿ. ನನ್ನಂಥವರ ಅಂಗಡಿಗೆ ಬಂದು ‘ಕೆರೆತದ ಟ್ಯೂಬ್ ಕೊಡಿ’ ಎನ್ನಬೇಡಿ. ಸ್ಟಿರಾಯ್ಡ್ ಬೆರೆತ ಆ ಟ್ಯೂಬುಗಳನ್ನು ವೈದ್ಯರ ಚೀಟಿಯಿಲ್ಲದೆ ಕೇಳುವವರನ್ನು ದಿನಾ ವಾಪಸು ಕಳಿಸಿ ಸಾಕಾಗಿದೆ.

ಕೀವು, ದುರ್ವಾಸನೆ, ಜ್ವರ, ಕಡಿಮೆಯಾಗುವ ಬದಲು ಹೆಚ್ಚುವ ನೋವು, ಹರಡುವ ಕೆಂಪು, ಕಪ್ಪಾಗಿ ಗಟ್ಟಿಯಾಗುವ ತೇಪೆ, ಇವುಗಳಲ್ಲಿ ಒಂದು ಕಂಡರೂ ಇಲ್ಲಿ ಬರೆಯುತ್ತಾ ಕೂಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಸಾಧನಕೇರಿ31

ಕೇಳಿದೆ. ಈ ಸಲ ವೈದ್ಯರೇ ಫೋನಿಗೆ ಬಂದರು. ‘ಹದಿನಾಲ್ಕನೆಯ ದಿನದಿಂದಲೇ ಉಜ್ಜಬೇಕಿತ್ತಲ್ಲ, ಯಾರೂ ಹೇಳಲಿಲ್ಲವೇ’ ಎಂದು ನನ್ನನ್ನೇ ಕೇಳಿದರು!

ಇಂದು ಮೊದಲ ಸಲ ಬೆರಳಿಟ್ಟೆ. ಸುಳ್ಳೇಕೆ, ಕೈ ನಡುಗಿತು. ಅಷ್ಟು ದುಡ್ಡು ಸುರಿದ ಜಾಗ. ಬಚ್ಚಲಿನ ಜಾಲರಿಯ ಮೇಲೆ ಸಿಪ್ಪೆಯೂ ಮೂವತ್ತು-ನಲವತ್ತು ಕೂದಲೂ ಕೂತವು. ರಕ್ತ ಮಾತ್ರ ಒಂದು ಹನಿಯೂ ಇಲ್ಲ.

ಬ್ಯಾಡಗಿ ಕಡ್ಡಿ

ಎಣಿಸಬೇಡ ಅಣ್ಣಾ. ನಾನು ಎಣಿಸಿ ವಹಿಯಲ್ಲಿ ಬರೆದಿಡುತ್ತಿದ್ದೆ, ನಿದ್ದೆ ಹೋಯಿತೇ ಹೊರತು ಇನ್ನೇನೂ ಆಗಲಿಲ್ಲ.

ಸಾಧನಕೇರಿ31

34ನೆಯ ದಿನದ ವರದಿ. ನಾಲ್ಕು ಸ್ನಾನಕ್ಕೆ ಬಿಳಿ ಸಿಪ್ಪೆ ಹೋಯಿತು, ನೀರು ಅದೇ ಬೋರಿನದು. ಹಳದಿ ಅಂಚು ಅಕ್ಕ ಹೇಳಿದಂತೆ ಉಳಿಯಿತು. ಹುಬ್ಬಳ್ಳಿಯಲ್ಲಿ ಚರ್ಮರೋಗ ತಜ್ಞೆಯೊಬ್ಬರಿಗೆ ತೋರಿಸಿದೆ. ತಲೆಗೆ ಭೂತಗನ್ನಡಿಯಂಥ ಉಪಕರಣ ಹಿಡಿದು ನೋಡಿ, ಸೆಬೊರಿಕ್ ಡರ್ಮಟೈಟಿಸ್ ಎಂದೇ ಹೇಳಿದರು. ಶಿಲೀಂಧ್ರ ತಡೆಯುವ 2 ಶೇಕಡಾ ಕೀಟೊಕೊನಜೋಲ್ ಶಾಂಪೂ, ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು, ನಾಲ್ಕು ವಾರ. ಉಳಿದ ದಿನ ಮಕ್ಕಳ ಶಾಂಪೂ. ಮೂರು ಸಲಕ್ಕೇ ಹುಬ್ಬು ಸಹ ತಿಳಿಯಾಗಿದೆ. ಇದು ಬುಡಸಹಿತ ಹೋಗುವ ಕಾಯಿಲೆಯಲ್ಲ, ಚಳಿಗಾಲದಲ್ಲಿ ಮತ್ತೆ ಬರಬಹುದು ಎಂದೂ ಎಚ್ಚರಿಸಿದರು. ಕೂದಲು ಭರ್ಜರಿಯಾಗಿ ಉದುರುತ್ತಿದೆ. ಎಣಿಸುತ್ತಿಲ್ಲ.

ಹಾವೇರಿ ಹೈದ

ನನ್ನದು ಇದಕ್ಕೆ ಹೋಲುವ, ಆದರೆ ಬೇರೆ ತೊಂದರೆ. ಕಸಿಯಾಗಿ ಎರಡೂವರೆ ತಿಂಗಳು. ಸಿಪ್ಪೆ ಇರಲಿಲ್ಲ. ಮಿನಾಕ್ಸಿಡಿಲ್ ದ್ರಾವಣ ಮತ್ತೆ ಶುರು ಮಾಡಿದ ವಾರದಿಂದ ಹಚ್ಚಿದ ಕಡೆಯೆಲ್ಲ ಒಣ ಪುಡಿ, ತುರಿಕೆ. ನಾನೂ ಈ ಕೀಟೊಕೊನಜೋಲ್ ಹಾಕಲೇ?

ಔಷಧದಂಗಡಿ ಅಕ್ಕ, ಗದಗ

ಅವರ ಬೀಗದ ಕೈ ನಿಮ್ಮ ಬೀಗಕ್ಕೆ ಹತ್ತಬೇಕೆಂದಿಲ್ಲ. ದ್ರಾವಣದಲ್ಲಿ ಔಷಧವನ್ನು ಕರಗಿಸಲು ಪ್ರೊಪಿಲೀನ್ ಗ್ಲೈಕಾಲ್ ಹಾಕಿರುತ್ತಾರೆ, ಹಲವರ ಚರ್ಮಕ್ಕೆ ಅದು ಆಗುವುದಿಲ್ಲ. ನಿಮ್ಮ ವೈದ್ಯರನ್ನು ಕೇಳಿ ಕೆಲವು ದಿನ ನಿಲ್ಲಿಸಿ ನೋಡಿ. ನಿಲ್ಲಿಸಿದಾಗ ಹೋದರೆ ಕಾರಣ ಸಿಕ್ಕಿತು. ನೊರೆಯ ರೂಪದ ಮಿನಾಕ್ಸಿಡಿಲ್‌ನಲ್ಲಿ ಸಾಮಾನ್ಯವಾಗಿ ಆ ಗ್ಲೈಕಾಲ್ ಇರುವುದಿಲ್ಲ, ಅದಕ್ಕೆ ಬದಲಿಸಬಹುದೇ ಎಂದೂ ಕೇಳಿ.

ರಾಣೆಬೆನ್ನೂರಿನವ

ನನಗೆ ಇಂದು ಒಂಬತ್ತನೆಯ ದಿನ, ಹಕ್ಕಳೆ ಇನ್ನೂ ಅರ್ಧ ಇದೆ. ಸೋಮವಾರದಿಂದ ಬೈಕಿನಲ್ಲಿ ಕೆಲಸಕ್ಕೆ ಹೋಗಬೇಕು. ಸಾಧನಕೇರಿಯವರೇ, ನೀವು ಹೆಲ್ಮೆಟ್ ಯಾವಾಗಿನಿಂದ ಹಾಕಿದಿರಿ?

ಸಾಧನಕೇರಿ31

ಇನ್ನೂ ಹಾಕಿಲ್ಲ. ನನಗೆ ಮೂರು ವಾರ ಬೇಡ ಎಂದಿದ್ದರು, ಹೆದರಿ ಐದು ವಾರ ಮಾಡಿದೆ. ಹೆಲ್ಮೆಟ್ ಇಲ್ಲದೆ ಬೈಕ್ ಹತ್ತುವುದು ತಲೆಯ ಮೇಲಿನದನ್ನು ಉಳಿಸಲು ಹೋಗಿ ತಲೆಯನ್ನೇ ಕಳೆದುಕೊಂಡಂತೆ. ಹಾಗಾಗಿ ಸಡಿಲವಾದ ಟೊಪ್ಪಿಗೆ ಹಾಕಿಕೊಂಡು ದಿನಾ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಎಸಿ ಇದೆ, ಬೆವರೂ ಇಲ್ಲ, ಧೂಳೂ ಇಲ್ಲ. ನಿಮ್ಮೂರಿನಲ್ಲಿ ಚಿಗರಿ ಇಲ್ಲ, ಯಾರದಾದರೂ ಕಾರು ಹುಡುಕಿಕೊಳ್ಳಿ. ಮತ್ತು ನಿಮ್ಮ ಚೀಟಿ ಎಷ್ಟನೆಯ ದಿನಕ್ಕೆ ಮುಗಿಯುತ್ತದೆ ಎಂದು ಇವತ್ತೇ ತೆಗೆದು ನೋಡಿ.